ಗುಂಟೆಗೊಂದು ಮನೆ, ಗೋಡೆಗೊಂದು ಫೋಟೋ

ಮಂಡ್ಯದ ನೂರಡಿ ರಸ್ತೆ ಬದಿಯ ಟೀ ಅಂಗಡಿ. ಬೆಂಚಿನ ಮೇಲೆ ಮೇಸ್ತ್ರಿ ನಿಂಗಣ್ಣ, ಪಂಚಾಯ್ತಿ ಮಾಜಿ ಸದಸ್ಯೆ ಸಾವಿತ್ರಮ್ಮ, ಪತ್ರ ಬರೆಯೋ ಕುಮಾರ, ರಿಟೈರಾದ ಇಂಜಿನಿಯರ್ ಶಿವಲಿಂಗಯ್ಯ. ಮದ್ದೂರು ವಡೆ ಮುರೀತಿದ್ದಂಗೆ ಮಾತು ಆಶ್ರಯ ಮನೆಗೆ ಹೊರಳಿತು. ಸರ್ಕಾರ ಯೋಜನೆಗೆ ಎಷ್ಟು ಸಲ ಹೆಸರು ಬದಲಾಯಿಸಿದರೂ ಈ ಬೆಂಚಿಗೆ ಅದು ಆಶ್ರಯ ಮನೆಯೇ. ಇನ್ನೂ ಹಳಬರಿಗೆ ಜನತಾ ಮನೆ.

ನಿಂಗಣ್ಣ: ಮನೆ ಇಲ್ಲ, ಮನೆ ಇಲ್ಲ ಅಂತ ಎಲ್ರೂ ಬಾಯಿ ಬಡ್ಕೊತಾರೆ. ಇಟ್ಟಿಗೆ ಇಲ್ವಾ? ಸಿಮೆಂಟ್ ಇಲ್ವಾ? ನಾನಿಲ್ವಾ?

ಸಾವಿತ್ರಮ್ಮ: ನೀನಿದ್ದೀಯ ಕಣಣ್ಣ, ಲಿಂಟಲ್ ಮಟ್ಟದವರ್ಗೂ. ಆಮೇಲೆ ನಿನ್ ಫೋನು ಸ್ವಿಚ್ ಆಫು.

ಶಿವಲಿಂಗಯ್ಯ: ಬರ ಇರೋದು ಜಾಗಕ್ಕಪ್ಪ. ಸೈಟಿದ್ದೋನಿಗೆ ಮನೆ ಕಟ್ಟೋಕೆ ದುಡ್ಡು ಕೊಡ್ತಾರೆ. ಸೈಟೇ ಇಲ್ದೋನು ಯಾವ ಪಾಯದ ಮುಂದೆ ನಿಂತು ಫೋಟೋ ಹೊಡೆಸ್ಕೋಬೇಕು? ಲೆಕ್ಕ ಹಾಕಿ: ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ರಸ್ತೆ, ಚರಂಡಿ, ಪಾರ್ಕು ಅಂತ ನೂರಕ್ಕೆ 45 ಭಾಗ ಕಳೆದ್ರೆ 20x30 ಸೈಟು ಎಕರೆಗೆ 40ರ ಹತ್ರ ಬರ್ತವೆ. ಗುಂಟೆಗೊಂದು ಮನೆ. ನೂರು ಮನೆಗೆ ಎರಡೂವರೆ ಎಕರೆ, ಅಷ್ಟೇ.

ನಿಂಗಣ್ಣ: ಅಷ್ಟೇನಾ! ಕೆರೆ ಅಂಗಳದಲ್ಲಿ ಬೇಕಾದಷ್ಟದೆ ಬುಡಿ.

ಶಿವಲಿಂಗಯ್ಯ: ಅದೇ ತಪ್ಪು. ಊರಿಂದ ಮೂರು ಕಿಲೋಮೀಟರ್ ಆಚೆ ಕೆರೆಯಂಗಳದಲ್ಲೋ, ಬಂಡೆ ಮೇಲೋ ಹಕ್ಕುಪತ್ರ ಕೊಟ್ರೆ ಜನ ಪತ್ರಾನ ಪೆಟ್ಟಿಗೇಲಿಟ್ಟು ಹಳೇ ಗುಡಿಸಲಲ್ಲೇ ಮಲಗ್ತಾರೆ. ನೀರಿನ ಪೈಪು, ಕರೆಂಟ್ ಕಂಬ ಮೊದಲು ಹೋಗ್ಬೇಕು, ಹಕ್ಕುಪತ್ರ ಆಮೇಲೆ. ನಮ್ಮಲ್ಲಿ ಹಕ್ಕುಪತ್ರ ಮೊದಲು, ಶಾಮಿಯಾನ ಅದಕ್ಕಿಂತ ಮೊದಲು.

ಕುಮಾರ: ಊರೊಳಗೆ ಜಾಗ ಇದ್ದೋರ ಪಾಡು ಕೇಳಿ. ಜಾಗ ತಾತನ ಹೆಸ್ರಲ್ಲಿ, ತಾತ ಸ್ವರ್ಗದಲ್ಲಿ. ಮರಣ ಪತ್ರ, ವಂಶವೃಕ್ಷ ಹಿಡ್ಕೊಂಡು ಖಾತೆ ಬದಲಾಯಿಸ್ಬೇಕು. ನಾಲ್ಕು ಜನ ಅಣ್ತಮ್ಮಂದಿರು ಇದ್ರೆ ಮೂವರು ಹಕ್ಕು ಬಿಡುಗಡೆ ಪತ್ರಕ್ಕೆ ನೋಂದಣಿ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ಬೇಕು. ಆಮೇಲೆ ಪಂಚಾಯ್ತಿ ಆಸ್ತಿ ದಾಖಲೆ, ಅಂದ್ರೆ ಇ-ಸ್ವತ್ತಿನ ನಮೂನೆ 9, 11. ಮನೆ ಮಂಜೂರಾದ್ಮೇಲೆ ಇದಕ್ಕೆ ಕೈ ಹಾಕಿದ್ರೋ, ಕೆಟ್ರು. ಮಂಜೂರಾತಿ ದಿನದಿಂದ ಹನ್ನೆರಡು ತಿಂಗಳು ಗಡುವು, ಅದರಲ್ಲಿ ಆರು ತಿಂಗಳು ತಾತನ ತಿಥಿಗೇ ಹೋಯ್ತದೆ.

ಸಾವಿತ್ರಮ್ಮ: ಪಟ್ಟಿ ಸೇರೋದೇ ಒಂದು ಪವಾಡ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ್‌ದಲ್ಲಿ ಮೊದ್ಲು ಮನೇಲಿ ಫ್ರಿಜ್ ಇದ್ರೆ ಹೆಸ್ರು ಔಟು, ಬೈಕ್ ಇದ್ರೂ ಔಟು. 2024ರಲ್ಲಿ ಅವೆರಡನ್ನೂ ಕೈಬಿಟ್ರು.

ಕುಮಾರ: ಅಲ್ಲೀಗಂಟ ಬೈಕು ಭಾವಮೈದನ ಮನೇಲಿ ನಿಂತಿರ್ತಿತ್ತು.

ಸಾವಿತ್ರಮ್ಮ: ಈಗ್ಲೂ ಮಂಡ್ಯದೋರಿಗೆ ಎರಡು ಕೊಕ್ಕೆ ಅವೆ. ಕಿಸಾನ್ ಕ್ರೆಡಿಟ್ ಕಾರ್ಡ್ ಮಿತಿ 50,000 ಇದ್ರೆ ಇಲ್ಲ. ನೀರಾವರಿ ಜಮೀನು ಎರಡೂವರೆ ಎಕರೆ ಇದ್ರೆ ಇಲ್ಲ. ವಿಶ್ವೇಶ್ವರಯ್ಯ ನಾಲೆ ಕೊನೇ ಭಾಗದೋನ ಪಾಣೀಲಿ ತರಿ, ಅಂದ್ರೆ ನೀರಾವರಿ ಜಮೀನು, ಅಂತ ಇರ್ತದೆ, ಗದ್ದೇಲಿ ಧೂಳು ಇರ್ತದೆ. ತಂತ್ರಾಂಶಕ್ಕೆ ಪಾಣಿ ಕಾಣ್ತದೆ, ಧೂಳು ಕಾಣಲ್ಲ. ಸರ್ವೆಯೋರು ಬಂದ ದಿನ ಮನೇಲಿ ಇರ್ಬೇಕು, ಗ್ರಾಮಸಭೇಲಿ ಹೆಸ್ರು ಓದಿಸ್ಕೊಂಡು ನಡಾವಳಿ ಪುಸ್ತಕಕ್ಕೆ ಏರಿಸ್ಬೇಕು. ಸಭೆಗೆ ಬರೋದು ಹನ್ನೆರಡು ಜನ, ವಡೆ ಖರ್ಚಾಗೋದು ನೂರಿಪ್ಪತ್ತು.

ನಿಂಗಣ್ಣ: ಪಟ್ಟಿಗೆ ಸೇರ್ದೋರೇನ್ ಮಾಡ್ತಾರೆ ಗೊತ್ತಾ? ಕನಿಷ್ಠ 25 ಚದರ ಮೀಟರ್ ಅಂತ ನಿಯಮ. ನೂರು ಚದರಡಿಗೆ ಒಂದು ಚದರ ಅನ್ನೋ ನಮ್ ಭಾಷೇಲಿ ಎರಡೂ ಮುಕ್ಕಾಲು ಚದರದ ಹತ್ರ. ಕೇಂದ್ರದ ಲೆಕ್ಕದಲ್ಲಿ ಬಯಲು ಸೀಮೆಗೆ 1.20 ಲಕ್ಷ. ಇವ್ರು ಪಾಯ ತೆಗೆಸೋದು ಎಂಟು ಚದರಕ್ಕೆ, ಮೇಲೆ ಇನ್ನೊಂದು ಮಹಡಿ ಬರ್ಲಿ ಅಂತ ಕಂಬ ಬೇರೆ! ಪಾಯಕ್ಕೇ ಪ್ರಾಣ ಹೋಯ್ತದೆ. ಗೋಡೆ ಲಿಂಟಲ್‌ಗೆ ನಿಂತು, ಕಂಬಿ ತುಕ್ಕು ಹಿಡಿದು, ಅದ್ರ ಮೇಲೆ ಸೀರೆ ಒಣಗ್ತಿರ್ತದೆ.

ಸಾವಿತ್ರಮ್ಮ: ಅದಕ್ಕೇ ನೀನು ಫೋನ್ ಎತ್ತಲ್ಲ.

ಶಿವಲಿಂಗಯ್ಯ: ಫೋನ್ ಎತ್ತದೇ ಇರೋಕೆ ಕಾರಣ ಅದೆ. ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಅಂತ ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೋ ಏರಬೇಕು, ಆಮೇಲೆ ಖಾತೆಗೆ ದುಡ್ಡು. ಛಾವಣಿ ದುಡ್ಡು ಬರೋದು ಮೋಲ್ಡ್, ಅಂದ್ರೆ ಛಾವಣಿ ಕಾಂಕ್ರೀಟ್, ಹಾಕಿದ್ಮೇಲೆ. ಮೋಲ್ಡ್ ಹಾಕೋಕೆ ದುಡ್ಡು ಬೇಕಾಗೋದು ಮೋಲ್ಡ್‌ಗಿಂತ ಮೊದ್ಲು. ಮನೆಗಳು ನಿಲ್ಲೋದು ಈ ಸಂದೀಲೇ.

ನಿಂಗಣ್ಣ: ಲೆಕ್ಕ ನಾನು ಹೇಳ್ತೀನಿ. ಸಜ್ಜಾ ಸೇರಿ ಮೂರು ಚದರ, ನಾಲ್ಕಿಂಚು ಮೋಲ್ಡ್, ಅಂದ್ರೆ ನೂರು ಘನ ಅಡಿ. ಒಂದಕ್ಕೆ ಒಂದೂವರೆ, ಮೂರು ಮಿಶ್ರಣ. ಸಿಮೆಂಟ್ 23 ಮೂಟೆ, ಎಂ-ಸ್ಯಾಂಡ್ 42 ಅಡಿ, ಜಲ್ಲಿ 84 ಅಡಿ, ಕಂಬಿ ಎರಡು ಕ್ವಿಂಟಾಲ್ ಆಸುಪಾಸು. ಒಂದೇ ದಿನ, ಒಂದೇ ಉಸಿರಲ್ಲಿ ಹಾಕ್ಬೇಕು. ಅರ್ಧ ಇವತ್ತು ಅರ್ಧ ನಾಳೆ ಅಂದ್ರೆ ಜಾಯಿಂಟಲ್ಲಿ ಸೋರ್ತದೆ.

ಶಿವಲಿಂಗಯ್ಯ: ನೀರು ಮೂಟೆಗೆ 30 ಲೀಟರ್ ಮೀರಬಾರ್ದು. ಮರಳು ಒದ್ದೆ ಇದ್ರೆ ಇನ್ನೂ ಕಮ್ಮಿ. ನಿನ್ ಹುಡುಗ್ರು ಹುಳಿ ಸಾರಿನಂಗೆ ಕಲೆಸ್ತಾರೆ, ಸುರಿಯೋಕೆ ಸಲೀಸು ಅಂತ. ಆ ನೀರು ಆರಿ ಹೋದ ಜಾಗದಲ್ಲೇ ಮಳೆ ನೀರು ಇಳಿಯೋದು. ಇನ್ನು ಮೋಲ್ಡ್ ಮೇಲೆ ನೀರು ಕಟ್ಟೋದು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದ್ರೆ ಹತ್ತು ದಿನ ಕಡಿಮೆ ಇಲ್ಲ, ಬಿಸಿಲುಗಾಲ ಆದ್ರೆ ಹದಿನಾಲ್ಕು.

ನಿಂಗಣ್ಣ: ಅದು ನಮ್ಮೋರಿಗೆ ಹೇಳ್ಕೊಡ್ಬೇಕಾ? ಮೋಲ್ಡ್ ಮೇಲೆ ಬದು ಕಟ್ಟಿ, ನಾಟಿಗೆ ಗದ್ದೆ ಹದ ಮಾಡ್ದಂಗೆ ನೀರು ನಿಲ್ಲಿಸ್ತಾರೆ. ಪೈರೊಂದು ನೆಡಲ್ಲ.

ಸಾವಿತ್ರಮ್ಮ: ಹತ್ತು ಮನೆ ಒಟ್ಟಿಗೆ ಎತ್ತಿದ್ರೆ ಸಾಲ ಕಮ್ಮಿ ಆಗಲ್ವಾ?

ಶಿವಲಿಂಗಯ್ಯ: ಅದೇ ದಾರಿ! ಮೋಲ್ಡ್ ಹೊರೋ ಹಲಗೆ, ಕಂಬದ ಸೆಂಟ್ರಿಂಗ್ ಎರಡು ಸೆಟ್ ಸಾಕು. ಒಂದೊಂದು ಸೆಟ್ ಹದಿನಾಲ್ಕು ದಿನ ನಿಂತ್ರೆ ಐದು ಸುತ್ತಿಗೆ ಹತ್ತು ಮೋಲ್ಡು, ಎಪ್ಪತ್ತು ದಿನ. ಜಲ್ಲಿ ಲೋಡ್‌ಗಟ್ಟಲೆ ತರಿಸ್ಬೋದು, ಮಿಕ್ಸರ್ ಬಾಡಿಗೆ ಹಂಚ್ಕೋಬೋದು. ಸ್ವಸಹಾಯ ಸಂಘದಿಂದ ಎರಡು ಮೋಲ್ಡಿನಷ್ಟು ದುಡ್ಡು ಕೈಗಡ ತೆಗೆದು, ಮೊದಲ ಎರಡು ಮನೆ ಕಂತು ಬಂದಾಗ ಅದನ್ನೇ ಮುಂದಿನ ಎರಡಕ್ಕೆ ತಿರುಗಿಸ್ಬೇಕು.

ಕುಮಾರ: ಕಂತು ಎರಡು ವಾರ ತಡ ಆದ್ರೆ?

ಶಿವಲಿಂಗಯ್ಯ: ಚಕ್ರ ನಿಲ್ತದೆ. ಅದಕ್ಕೇ ಎರಡು ಮೋಲ್ಡಿನ ಜೊತೆಗೆ ಇನ್ನೆರಡರ ದುಡ್ಡು ಕೈಲಿರ್ಬೇಕು.

ಕುಮಾರ: ಇಷ್ಟೆಲ್ಲ ಯಾಕೆ, ಮೈಸೂರಿನಂಗೆ ಮೂರು ಮಹಡಿ ಎತ್ತಿ ಜನಾನ ತುಂಬ್ಬುಟ್ರೆ?

ಸಾವಿತ್ರಮ್ಮ: ಪಟ್ಟಣಕ್ಕೆ ಅದೇ ಸರಿ, ಅಲ್ಲಿ ಗುಂಟೆ ಎಲ್ಲದೆ? ಆದ್ರೆ ಮೋಟರ್ ಕರೆಂಟ್ ಬಿಲ್ಲು ಯಾರು ಕಟ್ಬೇಕು ಅಂತ ಬೀಗ ಕೊಡೋ ದಿನಾನೇ ಬರ್ಕೋಬೇಕು. ಕೆಳಗಿನೋರು ನಲ್ಲಿ ನೀರು ನಮಗೇ ಬತ್ತದೆ, ನಾವ್ಯಾಕೆ ಕಟ್ಟೋದು ಅಂತಾರೆ, ಮೇಲಿನೋರು ಬಿಂದಿಗೆ ಹೊರ್ತಾರೆ.

ನಿಂಗಣ್ಣ: ಹತ್ತು ಮನೆ ಎಪ್ಪತ್ತು ದಿನ ಅಂದ್ರಲ್ಲ ಸಾರ್, ಅದ್ರಲ್ಲಿ ಆಷಾಢ ಸೇರ್ಸಿದ್ದೀರಾ? ಪಿತೃಪಕ್ಷ? ನಾಲೆಗೆ ನೀರು ಬುಟ್ರೆ ಕೂಲಿಯೋರೆಲ್ಲ ನಾಟಿಗೆ. ಅಮಾವಾಸ್ಯೆಗೆ ನನ್ ಹುಡುಗ್ರು ಮಾದಪ್ಪನ ಬೆಟ್ಟಕ್ಕೆ.

ಕುಮಾರ: ನೀನು?

ನಿಂಗಣ್ಣ: ಹುಡುಗ್ರನ್ನ ಕರ್ಕೊಂಡು ಬರೋಕೆ ನಾನೂ ಬೆಟ್ಟಕ್ಕೆ.

ಶಿವಲಿಂಗಯ್ಯ: ಸರಿ, ನೂರಿಪ್ಪತ್ತು ದಿನ. ಆದ್ರೂ ವರ್ಷದೊಳಗೆ ಮುಗೀತದೆ. ಕೊನೇ ಕಂತು ಮಾತ್ರ ಬಾಗಿಲಿಗೆ, ಶೌಚಾಲಯಕ್ಕೆ ಹೋಗ್ಬೇಕು. ಗೃಹಪ್ರವೇಶದ ಬಾಡೂಟಕ್ಕೆ ಹೋದ್ರೆ ಬಾಗಿಲ ಜಾಗದಲ್ಲಿ ಗೋಣಿತಾಟು.

ಸಾವಿತ್ರಮ್ಮ: ಹತ್ತು ಮನೆಗೂ ಸೇರಿ ಒಂದೇ ಬಾಡೂಟ ಇಡಾನ.

ನಿಂಗಣ್ಣ: ಇಡಿ. ಆದ್ರೆ ಅದಕ್ಕೂ ಗ್ರಾಮಸಭೆ ಕರೀಬೇಕಾಯ್ತದೆ ಕಣಕ್ಕ, ಮಟನ್‌ಗೆ ಅರ್ಹರು ಯಾರು, ಬರೀ ಮುದ್ದೆ ಸಾರಿಗೆ ಯಾರು ಅಂತ.