ದಾಸೋಜನ ಬಾಯಿಗೆ ಹಸಿಮೆಣಸಿನಕಾಯಿ

‘ಅಜ್ಜಿಮನೆ’ ಗುಂಪು

ಸುಹಾಸ್: ಬೇಲೂರು ದೇವಾಲಯದ ಶಿಲ್ಪಿ ದಾಸೋಜನ ಬಗ್ಗೆ ಬರೀತಿರೋ ನನ್ನ ಕಥೆಯ ಮೊದಲ ಪುಟ ಹಾಕಿದ್ದೇನೆ. ಕಾಲ 1117. ಭಾಷೆಯೂ ಆ ಕಾಲದ್ದೇ. “ದಾಸೋಜಂ ನೆಳಲ ಜಾಗದೊಳ್ ಕುಳ್ಳಿರ್ದು ಪಸಿಮೆಣಸಿನಕಾಯಂ ಕಚ್ಚುತ್ತುಂ ಅಂಬಲಿಯಂ ಕುಡಿದಂ…” ಓದಿ ಹೇಳಿ.

ಪದ್ಮ ಚಿಕ್ಕಮ್ಮ: ಮೂರು ಸಾಲು ಓದುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ರಾಡಿ. ಇದು ಕಥೆನಾ, ಶಾಸನನಾ?

ಶ್ರೀಧರ ಮಾವ: ಹಾಲಲ್ಲ ಪದ್ಮಾ, ಪಾಲ್ 😀 ಭೇಷ್ ಸುಹಾಸ. ಹೊಯ್ಸಳರ ಕಾಲದವನು ‘ಓಕೆ ಬಿಡಿ’ ಅನ್ನೋ ಧಾಟಿಯಲ್ಲಿ ಮಾತಾಡಿದರೆ ನಾನು ಪುಸ್ತಕ ಮುಚ್ಚಿಡುತ್ತೇನೆ. ಮುದ್ದಣ ತೀರಿಕೊಂಡಿದ್ದು 1901ರಲ್ಲಿ. ಡ್ರಿಲ್ ಮೇಷ್ಟ್ರಾಗಿದ್ದವನು. ಆದರೂ ರಾಮಾಶ್ವಮೇಧ ಬರೆದಿದ್ದು ಹಳಗನ್ನಡದಲ್ಲೇ. ಜನ ಇವತ್ತಿಗೂ ಓದುತ್ತಾರೆ ಅಲ್ವಾ?

ಪದ್ಮ ಚಿಕ್ಕಮ್ಮ: ಓದೋದು ಮನೋರಮೆಗೋಸ್ಕರ ಅಣ್ಣಾ. ಅರ್ಥವಾಗದಿದ್ದರೆ ಅವಳು ಕಥೆ ಹೇಳುವ ಗಂಡ ಮುದ್ದಣನನ್ನು ಅಲ್ಲೇ ತಡೆದು ಕೇಳುತ್ತಾಳೆ. ಇವನ ಕಥೆಯಲ್ಲಿ ನಾನು ಯಾರನ್ನು ಕೇಳಲಿ?

ರಶ್ಮಿ: ಭಾಷೆ ಆಮೇಲೆ. ಮೆಣಸಿನಕಾಯಿ ಎಲ್ಲಿಂದ ಬಂತು? ಅದು ಅಮೆರಿಕದ ಗಿಡ. ಇಲ್ಲಿಗೆ ತಂದವರು ಪೋರ್ಚುಗೀಸರು, ಅವರು ಬಂದಿದ್ದೇ 1498ರಲ್ಲಿ. ಹಸಿ ಅನ್ನೋದನ್ನು ಪಸಿ ಅಂತ ಬರೆದ ಮಾತ್ರಕ್ಕೆ ಹಳೇದಾಗಲ್ಲ ಕಣೋ. ‘ಜಾಗ’ ಕೂಡ ಪಾರಸಿ ಕಡೆಯಿಂದ ಬಂದ ಮಾತು.

ಶ್ರೀಧರ ಮಾವ: ಅದನ್ನು ತಿದ್ದಬಹುದು ಬಿಡು.

ರಶ್ಮಿ: ಬಸವಣ್ಣನವರೂ ಅದೇ ಶತಮಾನದವರು ಮಾವ. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಆದರೂ ವಚನ ಕೇಳಿದರೆ ಅರ್ಥ ಆಗ್ತಿತ್ತು. ಕಲ್ಲು ಕೆತ್ತುವವನು ಊಟಕ್ಕೆ ಕೂತಾಗಲೂ ಶಾಸನದ ಹಾಗೆ ಮಾತಾಡ್ತಿದ್ದನಾ?

ಶ್ರೀಧರ ಮಾವ: ವಚನದ ಓಲೆಗರಿಗಳು ಸಿಕ್ಕಿರೋದು ನಂತರದ ಕಾಲದವು. ನಕಲು ಮಾಡಿದವರು ತಮ್ಮ ಕಾಲದ ಮಾತು ಸೇರಿಸಿರಬಹುದು. ಬೇಲೂರಲ್ಲಿ ದಾಸೋಜನ ಹೆಸರು, ಊರು ಕಲ್ಲಲ್ಲಿ ಕೆತ್ತಿದ್ದು ಹಾಗೇ ಇದೆ. ಕಲ್ಲನ್ನು ಯಾರೂ ತಿದ್ದಿಲ್ಲ.

ಪದ್ಮ ಚಿಕ್ಕಮ್ಮ: ಕಲ್ಲಿನ ಮೇಲೆ ಹೆಸರು ಕೆತ್ತೋದು ಬೇರೆ, ಇನ್ನೊಂದು ಸೌಟು ಅಂಬಲಿ ಕೇಳೋದು ಬೇರೆ. ಬ್ಯಾಂಕಿಗೆ ಅರ್ಜಿ ಬರೆಯುವ ಕನ್ನಡದಲ್ಲಿ ನೀನು ಅತ್ತಿಗೆ ಹತ್ರ ಕಾಫಿ ಕೇಳ್ತೀಯಾ?

(ಮಾವ ಏನೋ ಟೈಪ್ ಮಾಡುತ್ತಿರುವುದು ಎರಡು ನಿಮಿಷ ಕಾಣಿಸಿತು. ಏನೂ ಬರಲಿಲ್ಲ.)

ಸುಹಾಸ್: ಸರಿ, ದಾಸೋಜನ ಮಾತು ಸರಳ ಮಾಡ್ತೀನಿ. ಅರಮನೆಯ ಓಲೆ ಮಾತ್ರ ಹಳಗನ್ನಡದಲ್ಲಿ ಇರಲಿ. ಮೆಣಸಿನಕಾಯಿ ತೆಗೆದು ಕಾಳುಮೆಣಸು ಹಾಕಿದೆ. ‘ಜಾಗ’ ತೆಗೆದು ‘ಎಡೆ’ ಹಾಕಿದೆ.

ಪದ್ಮ ಚಿಕ್ಕಮ್ಮ: ಎಡೆ ಅಂದರೆ ನಮ್ಮನೇಲಿ ಪಕ್ಷದ ಹಬ್ಬಕ್ಕೆ ಹಿರಿಯರಿಗೆ ಇಡೋದು. ಪಾಪ, ದಾಸೋಜನನ್ನು ಅದರ ಮೇಲೆ ಕೂರಿಸಬೇಡ!