ಸಹಾಯ ಬೇಕು: ಕನ್ನಡ ಮಾಧ್ಯಮದ ಗಣಿತ ಟೀಚರ್ ಹುದ್ದೆಗೆ ತಯಾರಿ ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ. ಗಣಿತದಲ್ಲಿ ಬಿಎಸ್ಸಿ, ಆಮೇಲೆ ಬಿಎಡ್ ಆಗಿದೆ. ಈಗ ಮಂಗಳೂರಿನ ಒಂದು ಫೈನಾನ್ಸ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಂಬಳ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ, ಆದರೆ ಮನಸ್ಸು ಅಲ್ಲಿಲ್ಲ. ಸಂಜೆ ಪಕ್ಕದ ಮನೆ ಮಕ್ಕಳಿಗೆ ಬೀಜಗಣಿತ ಹೇಳಿಕೊಡುವಾಗ ಆಗುವ ಖುಷಿ ಆಫೀಸಿನಲ್ಲಿ ಒಂದು ದಿನವೂ ಆಗಿಲ್ಲ, ಅದಕ್ಕೇ ಟೀಚರ್ ಆಗಲೇಬೇಕು ಅಂತ ಗಟ್ಟಿ ಮಾಡಿದ್ದೇನೆ.

ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಕೇರಳ ಪಿಎಸ್‌ಸಿಯ (ಲೋಕಸೇವಾ ಆಯೋಗ) ಆನ್‌ಲೈನ್ ತಾಣ ‘ತುಳಸಿ’ಯಲ್ಲಿ ಪ್ರೊಫೈಲ್ ಮಾಡಿಟ್ಟಿದ್ದೇನೆ. ಹೈಸ್ಕೂಲಿಗೆ ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಕ್ಯಾಟಗರಿ 3 ಬೇಕು, ಸಾಮಾನ್ಯ ವರ್ಗದವರಿಗೆ 150ರಲ್ಲಿ 90 ಅಂಕ ಬಂದರೆ ಪಾಸ್, ಇಷ್ಟು ಗೊತ್ತು. ಕೆ-ಟೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಪಿಎಸ್‌ಸಿಯಲ್ಲಿ ಕಳೆಯುತ್ತಾರೆ, ಹಾಗಾಗಿ ಎರಡಕ್ಕೂ ಒಂದೇ ರೀತಿ ಓದಿದರೆ ಆಗಲಿಕ್ಕಿಲ್ಲ ಅಲ್ವಾ? ಗಣಿತದ ಭಾಗ ಧೈರ್ಯ ಇದೆ. ಮಕ್ಕಳ ಮನಶ್ಶಾಸ್ತ್ರ ಮತ್ತು ಕೇರಳದ ಇತಿಹಾಸಕ್ಕೆ ಕನ್ನಡದಲ್ಲಿ ಒಳ್ಳೆ ನೋಟ್ಸ್ ಸಿಗುವುದೇ ಕಷ್ಟ, ಕೋಚಿಂಗ್ ಎಲ್ಲ ಮಲಯಾಳದಲ್ಲೇ. ಮಾತಾಡಲು ಬರುತ್ತದೆ, ಆದರೆ ಓದುವುದು ತುಂಬಾ ನಿಧಾನ.

ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿರುವ ಮಾಷ್ಟ್ರುಗಳು, ಟೀಚರ್‌ಗಳು ದಯವಿಟ್ಟು ಹೇಳಿ. ನೀವು ಯಾವ ಪುಸ್ತಕ ಓದಿದಿರಿ? ಹಳೆಯ ಪ್ರಶ್ನೆಪತ್ರಿಕೆ ಇದ್ದರೆ ಜೆರಾಕ್ಸ್ ಖರ್ಚು ನಾನೇ ಕೊಡುತ್ತೇನೆ, ಬಂದು ತೆಗೆದುಕೊಂಡು ಹೋಗುತ್ತೇನೆ. ಇನ್ನೊಂದು ಮುಖ್ಯ ವಿಷಯ, ಜೂನ್‌ನಲ್ಲಿ ದಿನವೇತನದ ಟೀಚರ್ ಕೆಲಸ ಸಿಕ್ಕಿದರೆ ಈಗಿನ ಕೆಲಸ ಬಿಡಬಹುದಾ? ಮನೆಯಲ್ಲಿ ಅಮ್ಮನ ಔಷಧಿ ಖರ್ಚು ನನ್ನ ಸಂಬಳದಿಂದಲೇ ನಡೆಯುತ್ತಿದೆ. ಹಾಗೆ ಬಿಟ್ಟು ಹೋದವರು ಯಾರಾದರೂ ಇದ್ದರೆ, ರಜೆಯ ತಿಂಗಳುಗಳನ್ನು ಹೇಗೆ ಸುಧಾರಿಸಿದಿರಿ ಅಂತ ಬರೆಯಿರಿ.