ಈಮ್ಯಾಕ್ಸ್ ತೆಗೆದ ತಕ್ಷಣ ರೀಸೆಂಟ್ ಫೈಲ್ಸ್ ಲಿಸ್ಟ್ ಬರೋ ಹಾಗೆ ಮಾಡೋದು ಹೇಗೆ?

ಅಕ್ಕಿರೊಟ್ಟಿ:
ಎಲ್ರಿಗೂ ನಮಸ್ಕಾರ. ಉಬುಂಟು ಮೇಲೆ ಈಮ್ಯಾಕ್ಸ್ 29 ಟೆಕ್ಸ್ಟ್ ಎಡಿಟರ್ ಹಾಕ್ಕೊಂಡಿದೀನಿ. ತೆಗೆದ ಕೂಡ್ಲೆ ಗ್ನು ಲೋಗೋ, ಟ್ಯುಟೋರಿಯಲ್ ಲಿಂಕು ಎಲ್ಲ ಇರೋ ಪೇಜ್ ಬರುತ್ತಲ್ಲ, ಅದು ನಂಗೆ ಬೇಡ, ನಿನ್ನೆ ಮೊನ್ನೆ ಕೆಲ್ಸ ಮಾಡಿದ ಫೈಲ್‌ಗಳ ಲಿಸ್ಟ್ ಬಂದ್ರೆ ಸಾಕು, ಎಂಟರ್ ಹೊಡೆದು ಶುರು ಹಚ್ಕೋಬೋದು. ಈಗ ಇನಿಟ್ ಫೈಲಲ್ಲಿ (ಶುರುವಾಗುವಾಗ ಓದೋ ಸೆಟ್ಟಿಂಗ್ಸ್ ಫೈಲು) ಇನ್‌ಹಿಬಿಟ್-ಸ್ಟಾರ್ಟಪ್-ಸ್ಕ್ರೀನ್‌ಗೆ ಟಿ (ಅಂದ್ರೆ ಹೌದು) ಕೊಟ್ಟು, ತೆಗೆದ ಫೈಲ್‌ಗಳನ್ನ ನೆನಪಿಡೋ ರೀಸೆಂಟ್‌ಎಫ್-ಮೋಡ್ ಆನ್ ಮಾಡಿ, ಶುರುವಾದಾಗ ತಾನಾಗೇ ಓಡೋ ಕೆಲ್ಸಗಳ ಪಟ್ಟಿ ಈಮ್ಯಾಕ್ಸ್-ಸ್ಟಾರ್ಟಪ್-ಹುಕ್‌ಗೆ ರೀಸೆಂಟ್‌ಎಫ್-ಓಪನ್-ಫೈಲ್ಸ್ ಸೇರಿಸಿದೀನಿ. ಲಿಸ್ಟೇನೋ ಬರ್ತಿದೆ, ಆದ್ರೆ ಎರಡು ತಲೆನೋವು. ಟರ್ಮಿನಲಲ್ಲಿ ಗಿಟ್ ಕಮಿಟ್ (ಕೋಡಲ್ಲಿ ಮಾಡಿದ ಬದಲಾವಣೆ ದಾಖಲಿಸೋ ಕಮಾಂಡ್) ಕೊಟ್ರೆ ಮೆಸೇಜ್ ಬರೆಯೋ ಫೈಲ್ ಕಾಣ್ಸೋ ಬದ್ಲು ಇದೇ ಲಿಸ್ಟ್ ಬಂದು ಕೂತ್ಕೊಳ್ಳುತ್ತೆ. ಆಮೇಲೆ ಪೆನ್‌ಡ್ರೈವಲ್ಲಿರೋ ನೋಟ್ಸ್ ಫೈಲ್‌ಗಳು ಒಂದಿನ ಇರ್ತವೆ ಒಂದಿನ ಇರಲ್ಲ. ಫ್ರೆಂಡೊಬ್ರು ಡ್ಯಾಶ್‌ಬೋರ್ಡ್ ಪ್ಯಾಕೇಜ್ (ಬೇರೆ ಸ್ಟಾರ್ಟ್ ಪೇಜ್ ಕೊಡೋ ಆಡ್-ಆನ್) ಹಾಕು ಎಲ್ಲಾ ಸರಿಹೋಗುತ್ತೆ ಅಂತಾರೆ. ಹಾಕ್ಲೇಬೇಕಾ ಅದು?

ಹಳೇ_ಕೀಬೋರ್ಡ್:
ಹಾಕ್ಲೇಬೇಕು ಅಂತೇನಿಲ್ಲ, ನೀವು ಮುಕ್ಕಾಲು ದಾರಿ ಬಂದಿದೀರ. ಫೋನಿಂದ ಬರೀತಿದೀನಿ, ಕೋಡ್ ಪೂರ್ತಿ ಹಾಕಕ್ಕಾಗ್ತಿಲ್ಲ, ಯಾವ್ಯಾವ್ದು ಅಂತ ಹೇಳ್ತೀನಿ.

ಪೆನ್‌ಡ್ರೈವ್ ವಿಷ್ಯ ಮೊದ್ಲು. ರೀಸೆಂಟ್‌ಎಫ್ ಆನ್ ಆಗ್ತಿದ್ದ ಹಾಗೇ ಲಿಸ್ಟಲ್ಲಿರೋ ಒಂದೊಂದು ಫೈಲನ್ನೂ ಓದಕ್ಕಾಗುತ್ತಾ ಅಂತ ನೋಡುತ್ತೆ, ಆಗದೇ ಇರೋದನ್ನ ಕಿತ್ತು ಹಾಕುತ್ತೆ. ಪೆನ್‌ಡ್ರೈವ್ ಚುಚ್ಚದೇ ಈಮ್ಯಾಕ್ಸ್ ತೆಗೆದ ದಿನ ಅದ್ರಲ್ಲಿರೋದೆಲ್ಲ ಹೋಯ್ತು, ಅಷ್ಟೇ ಕತೆ. ರೀಸೆಂಟ್‌ಎಫ್-ಆಟೋ-ಕ್ಲೀನಪ್‌ಗೆ ನೆವರ್ ಅಂತ ಕೊಡಿ, ಆದ್ರೆ ಈ ಸಾಲು ಮೋಡ್ ಆನ್ ಮಾಡೋ ಸಾಲಿಗಿಂತ ಮೇಲಿರ್ಬೇಕು, ಕೆಳಗೆ ಹಾಕಿದ್ರೆ ಅಷ್ಟೊತ್ತಿಗೆ ಗುಡಿಸಿ ಆಗಿರುತ್ತೆ. ನೆವರ್ ಕೊಟ್ರೆ ಡಿಲೀಟ್ ಮಾಡಿದ ಫೈಲ್‌ಗಳ ಹೆಸ್ರೂ ಉಳ್ಕೊಳ್ಳುತ್ತೆ, ಅದು ಬೇಡ ಅಂದ್ರೆ ರೀಸೆಂಟ್‌ಎಫ್-ಕೀಪ್ ಅಂತ ಇನ್ನೊಂದಿದೆ, ಅದರ ಲಿಸ್ಟಿಗೆ ಮೀಡಿಯಾ ಫೋಲ್ಡರ್ ಪಾತ್ ಸೇರಿಸಿ, ಉಬುಂಟುನಲ್ಲಿ ಪೆನ್‌ಡ್ರೈವ್ ಅಲ್ಲೇ ತಾನೇ ಮೌಂಟ್ ಆಗೋದು. ಅಲ್ಲಿರೋದನ್ನ ಮಾತ್ರ ಮುಟ್ಟಲ್ಲ, ಮಿಕ್ಕಿದ್ದು ಯಥಾಪ್ರಕಾರ ಕ್ಲೀನ್ ಆಗ್ತಿರುತ್ತೆ. ನಾನಾಗಿದ್ರೆ ಇದನ್ನೇ ಮಾಡ್ತಿದ್ದೆ.

ಇನ್ನು ಗಿಟ್. ಆ ಹುಕ್ ಓಡೋದು ಕಮಾಂಡ್ ಲೈನಲ್ಲಿ ಕೊಟ್ಟ ಫೈಲ್ ತೆಗೆದಾದ್ಮೇಲೆ, ಅದಕ್ಕೇ ಲಿಸ್ಟ್ ಅದ್ರ ಜಾಗಕ್ಕೆ ಬಂದು ಕೂರೋದು. ಎರಡು ಸಾಲಿನ ಕಮಿಟ್ ಮೆಸೇಜ್ ಬರಿಯಕ್ಕೆ ನಿಮ್ಮ ಇಡೀ ಕಾನ್ಫಿಗ್ ಯಾಕ್ರೀ ಲೋಡ್ ಆಗ್ಬೇಕು? ಗಿಟ್ ಕಾನ್ಫಿಗಲ್ಲಿ ಎಡಿಟರ್ ಅಂತ ಇರೋ ಕಡೆ ಈಮ್ಯಾಕ್ಸ್ ಪಕ್ಕ ಹೈಫನ್ ದೊಡ್ಡ ಕ್ಯೂ ಸೇರಿಸಿ. ಇನಿಟ್ ಫೈಲನ್ನೇ ಓದಲ್ಲ, ಲೋಗೋ ಪೇಜೂ ಬರಲ್ಲ, ಬೇಗಾನೂ ತೆಗೆಯುತ್ತೆ.

ಮಲ್ನಾಡ್_ಮಳೆ:
ದೊಡ್ಡ ಕ್ಯೂ ಹಾಕಿದ್ರೆ ಅವರ ಥೀಮು ಕೀ ಬೈಂಡಿಂಗು ಎಲ್ಲಾ ಹೋಗುತ್ತಲ್ಲ ಮಾರಾಯ್ರೇ. ಅದ್ರ ಬದ್ಲು ಹುಕ್‌ಗೆ ನೇರವಾಗಿ ರೀಸೆಂಟ್‌ಎಫ್-ಓಪನ್-ಫೈಲ್ಸ್ ಕೊಡೋದು ಬಿಟ್ಟು ಸಣ್ಣ ಲ್ಯಾಂಬ್ಡಾ (ಹೆಸ್ರಿಲ್ಲದ ಫಂಕ್ಷನ್) ಬರೀರಿ, ಎದುರಿಗಿರೋ ವಿಂಡೋದ ಬಫರಿಗೆ (ಅದ್ರಲ್ಲಿ ತೆಗೆದಿರೋ ಪಠ್ಯ) ಬಫರ್-ಫೈಲ್-ನೇಮ್, ಅಂದ್ರೆ ಫೈಲ್ ಹೆಸ್ರು, ಇದ್ರೆ ಸುಮ್ನಿರು, ಇಲ್ಲ ಅಂದ್ರೆ ಲಿಸ್ಟ್ ತೋರ್ಸು ಅಂತ. ಶುರುವಲ್ಲಿ ಏನು ತೋರಿಸ್ಬೇಕು ಅಂತ ಹೇಳೋ ಇನಿಶಿಯಲ್-ಬಫರ್-ಚಾಯ್ಸ್ ಬಳಸಿ ಅಂತ ಯಾರಾದ್ರೂ ಹೇಳಿದ್ರೆ ಒಂದ್ ನೆನಪಿರ್ಲಿ, ಫೈಲ್ ಹೆಸ್ರು ಕೊಟ್ಟು ತೆಗೆದಾಗ ಅದು ಸ್ಕ್ರೀನ್ ಎರಡು ಭಾಗ ಮಾಡಿ ಎರಡನ್ನೂ ತೋರಿಸುತ್ತೆ, ನಂಗಂತೂ ಕಿರಿಕಿರಿ.

ಇನ್ನೊಂದು, ಯಾರೂ ಹೇಳಲ್ಲ ಇದನ್ನ. ಲಿಸ್ಟ್ ಡಿಸ್ಕಿಗೆ ಸೇವ್ ಆಗೋದು ಈಮ್ಯಾಕ್ಸ್ ಸರಿಯಾಗಿ ಮುಚ್ಚಿದಾಗ ಮಾತ್ರ. ಕರೆಂಟ್ ಹೋಗಿ ಸಿಸ್ಟಮ್ ಆಫ್ ಆಯ್ತು ಅನ್ಕೊಳ್ಳಿ, ಯುಪಿಎಸ್ಸೂ ಇಲ್ಲ, ಬೆಳಗ್ಗೆಯಿಂದ ತೆಗೆದಿದ್ದು ಯಾವ್ದೂ ಲಿಸ್ಟಲ್ಲಿರಲ್ಲ. ರನ್-ಅಟ್-ಟೈಮ್ ಬಳಸಿ ಐದೈದು ನಿಮಿಷಕ್ಕೆ ರೀಸೆಂಟ್‌ಎಫ್-ಸೇವ್-ಲಿಸ್ಟ್ ಓಡೋ ಹಾಗೆ ಮಾಡ್ಕೊಳ್ಳಿ. ಉಳಿಸೋದೂ ಬರೀ 20 ಫೈಲು, ಮ್ಯಾಕ್ಸ್-ಸೇವ್ಡ್-ಐಟಮ್ಸ್ 200 ಮಾಡಿ, ಏನೂ ಭಾರ ಆಗಲ್ಲ.

ಚಿತ್ರಾನ್ನ_ಡಾಟ್_ಆರ್ಗ್:
ಡ್ಯಾಶ್‌ಬೋರ್ಡ್ ಪರವಾಗಿ ಒಂದ್ ಮಾತು. ಮೆಲ್ಪಾದಿಂದ (ಈಮ್ಯಾಕ್ಸ್ ಪ್ಯಾಕೇಜ್‌ಗಳ ಭಂಡಾರ) ಹಾಕ್ಕೊಂಡು ಡ್ಯಾಶ್‌ಬೋರ್ಡ್-ಐಟಮ್ಸಲ್ಲಿ ರೀಸೆಂಟ್ಸ್ 10, ಅಜೆಂಡಾ 5 ಅಂತ ಕೊಟ್ರೆ ಆರ್ಗ್ ಮೋಡಲ್ಲಿ (ಈಮ್ಯಾಕ್ಸಲ್ಲಿ ನೋಟ್ಸ್, ಕೆಲ್ಸದ ಪಟ್ಟಿ ಬರೆಯೋದು) ಬರೆದ ಕೆಲ್ಸಗಳೂ ಅದೇ ಪೇಜಲ್ಲಿ ಕಾಣುತ್ತೆ, ಆರ್ ಒತ್ತಿದ್ರೆ ರೀಸೆಂಟ್ ಫೈಲ್ಸ್‌ಗೆ ಹಾರುತ್ತೆ, ಎ ಒತ್ತಿದ್ರೆ ಅಜೆಂಡಾಗೆ. ಬರೀ ಫೈಲ್ ಲಿಸ್ಟ್ ಸಾಕು ಅನ್ನೋರಿಗೆ ಅನಗತ್ಯ, ಒಪ್ತೀನಿ. ಒಳಗಡೆ ಅದೂ ಬಳಸೋದು ರೀಸೆಂಟ್‌ಎಫ್‌ನೇ, ಹಾಗಾಗಿ ಪೆನ್‌ಡ್ರೈವ್ ಕಾಟ ಅದ್ರಿಂದ ತಪ್ಪಲ್ಲ.

ಪಾಠ ಮಾಡೋರು ಯಾರಾದ್ರೂ ಇದ್ರೆ ಹುಷಾರು ಕಣ್ರಪ್ಪ. ಪ್ರೊಜೆಕ್ಟರ್ ಹಾಕಿ ಎಡಿಟರ್ ತೆಗೆದ್ರೆ ಇಂಟರ್ನಲ್ಸ್ ಕ್ವೆಶ್ಚನ್ ಪೇಪರ್ ಫೈಲ್ ಹೆಸ್ರು ಮೊದಲ್ನೇ ಸಾಲಲ್ಲೇ ಕೂತಿರುತ್ತೆ, ಹುಡುಗರ ಕಣ್ಣು ಅಲ್ಲಿಗೇ ಹೋಗೋದು. ರೀಸೆಂಟ್‌ಎಫ್-ಎಕ್ಸ್‌ಕ್ಲೂಡ್‌ಗೆ ಆ ಫೋಲ್ಡರ್ ಹೆಸ್ರು ಹಾಕಿ ಒಂದ್ಸಲ ರೀಸೆಂಟ್‌ಎಫ್-ಕ್ಲೀನಪ್ ಓಡ್ಸಿ, ಇಲ್ಲಾಂದ್ರೆ ಮೊದ್ಲೇ ಸೇರ್ಕೊಂಡಿರೋದು ಹೋಗಲ್ಲ. ಗಿಟ್ ಕಮಿಟ್ ಫೈಲನ್ನೂ ಅಲ್ಲೇ ಸೇರಿಸ್ಬಿಡಿ, ಅದು ಲಿಸ್ಟಲ್ಲಿ ಸುಮ್ನೆ ಜಾಗ ತಿನ್ನುತ್ತೆ.

ವಿಮ್_ಭಕ್ತ:
ಇಷ್ಟೆಲ್ಲಾ ಸರ್ಕಸ್ಸಾ? ಅದ್ರ ಬದ್ಲು ವಿಮ್ ಎಡಿಟರ್ ತೆಗೀರಿ, ಸಿಂಗಲ್ ಕೋಟ್ ಒತ್ತಿ ಸೊನ್ನೆ ಒತ್ತಿ, ಹಿಂದಿನ ಸಲ ಮುಚ್ಚುವಾಗ ಯಾವ ಫೈಲ್ ಯಾವ ಸಾಲಲ್ಲಿದ್ರೋ ಅಲ್ಲಿಗೇ ಹೋಗ್ತೀರ. ಲಿಸ್ಟೇ ಬೇಕಂದ್ರೆ ಬ್ರೌಸ್ ಓಲ್ಡ್‌ಫೈಲ್ಸ್ ಕಮಾಂಡಿದೆ, ಸ್ಟಾರ್ಟಪ್ಪಲ್ಲೇ ಬರ್ಬೇಕಂದ್ರೆ ಸ್ಟಾರ್ಟಿಫೈ ಪ್ಲಗಿನ್.

ಹಳೇ_ಕೀಬೋರ್ಡ್:
ಬಂದ್ರಪ್ಪ ಇವ್ರು. ಅವ್ರು ಕೇಳಿದ್ದು ಈಮ್ಯಾಕ್ಸ್. ಸಾಲಿಗೆ ವಾಪಸ್ ಹೋಗೋದಕ್ಕೆ ನಮ್ಮಲ್ಲೂ ಸೇವ್-ಪ್ಲೇಸ್-ಮೋಡ್ ಇದೆ.

ಅಕ್ಕಿರೊಟ್ಟಿ:
ಲ್ಯಾಂಬ್ಡಾ ಹಾಕ್ದೆ, ಗಿಟ್ ಸಮಸ್ಯೆ ಹೋಯ್ತು. ರೀಸೆಂಟ್‌ಎಫ್-ಕೀಪ್‌ಗೆ ಮೀಡಿಯಾ ಪಾತ್ ಸೇರಿಸಿ ಪೆನ್‌ಡ್ರೈವ್ ತೆಗೆದು ಈಮ್ಯಾಕ್ಸ್ ಮುಚ್ಚಿ ತೆಗೆದು ನೋಡ್ದೆ, ಹೆಸ್ರುಗಳು ಹಾಗೇ ಇವೆ. ಸೇವ್-ಪ್ಲೇಸೂ ಆನ್ ಮಾಡ್ಕೊಂಡೆ, ಥ್ಯಾಂಕ್ಸ್. ಲಿಸ್ಟಲ್ಲಿ ಮೊದಲ ಹತ್ತು ಫೈಲ್‌ಗೆ ನಂಬರ್ ಇದೆಯಲ್ಲ, ಆ ನಂಬರ್ ಒತ್ತಿದ್ರೇ ಫೈಲ್ ತೆಗೆಯುತ್ತೆ ಅಂತ ಈಗ ಗೊತ್ತಾಯ್ತು. ಯಾವ ಫೈಲೂ ಬೇಡ, ಬರೀ ಲಿಸ್ಟ್ ಮುಚ್ಚಬೇಕು ಅಂದ್ರೆ?

ಮಲ್ನಾಡ್_ಮಳೆ:
ಚಿಕ್ಕ ಕ್ಯೂ ಒತ್ತಿ.